ಲ್ಯಾಪ್‌ಟಾಪಿನ ಜೋಡಿ ನಮೂದುಗಳು: ಅಳಿಸುವ ಮುನ್ನ ತಿಳಿಯಬೇಕಾದದ್ದು

ಮನೆಯಲ್ಲಿರುವುದು ಒಂದೇ ಪ್ರಿಂಟರ್. ಆದರೆ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಅದರ ಹೆಸರು ಎರಡು ಬಾರಿ ಕಾಣುತ್ತದೆ. ಎರಡನೆಯ ಹೆಸರಿನ ಮುಂದೆ 'ಕಾಪಿ 1' ಎಂಬ ಬಾಲವೂ ಇರುತ್ತದೆ. ಮುದ್ರಿಸುವಂತೆ ಆಜ್ಞೆ ಕೊಟ್ಟರೆ ಕಡತವು ಮೊದಲನೆಯ ಹೆಸರಿನ ಸರದಿಯಲ್ಲಿ ಹೋಗಿ ನಿಲ್ಲುತ್ತದೆ. ಕಾಗದ ಮಾತ್ರ ಹೊರಬರುವುದಿಲ್ಲ. ನಾಲ್ಕೈದು ವರ್ಷ ಬಳಸಿದ ಲ್ಯಾಪ್‌ಟಾಪ್ ಹೊಂದಿರುವ ಬಹುತೇಕರಿಗೆ ಈ ಅನುಭವ ಒಂದಲ್ಲ ಒಂದು ರೂಪದಲ್ಲಿ ಆಗಿರುತ್ತದೆ. ಕೆಲವರಿಗೆ ಎರಡು ಮೌಸ್ ಕಾಣುತ್ತವೆ, ಕೆಲವರಿಗೆ ಮೂರು ನೆಟ್‌ವರ್ಕ್ ಕಾರ್ಡ್.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತಪ್ಪುಗಳಾಗುತ್ತವೆ. ಲ್ಯಾಪ್‌ಟಾಪ್ ಕೆಟ್ಟಿತೆಂದು ಭಾವಿಸಿ ರಿಪೇರಿ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುವುದು ಒಂದು. ಪಟ್ಟಿಯಲ್ಲಿ ಎರಡಾಗಿ ಕಂಡದ್ದನ್ನೆಲ್ಲ ಮನೆಯಲ್ಲಿ ಕುಳಿತು ಅಳಿಸಿಹಾಕುವುದು ಇನ್ನೊಂದು. ಮೊದಲನೆಯದರಲ್ಲಿ ಬ್ಯಾಕಪ್ ಇಲ್ಲದ ಛಾಯಾಚಿತ್ರಗಳೂ ಲೆಕ್ಕಪತ್ರಗಳೂ ಹೋಗುತ್ತವೆ. ಎರಡನೆಯದರಲ್ಲಿ ಅಂತರಜಾಲ ಸಂಪರ್ಕವೇ ಕಡಿದುಹೋಗಿ, ಅದನ್ನು ಸರಿಪಡಿಸಲು ಬೇಕಾದ ತಂತ್ರಾಂಶವನ್ನು ಇಳಿಸಿಕೊಳ್ಳುವ ದಾರಿಯೂ ಮುಚ್ಚಿಹೋಗಬಹುದು. ಈ ಎರಡೂ ನಷ್ಟಗಳನ್ನು ತಪ್ಪಿಸಲು ಜೋಡಿ ನಮೂದುಗಳು ಏಕೆ ಹುಟ್ಟುತ್ತವೆ ಎಂಬುದನ್ನು ಅರಿತರೆ ಸಾಕು.

ನಮೂದು ಎರಡಾಗುವುದು ಏಕೆ?

ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯು ತನಗೆ ಜೋಡಣೆಯಾದ ಪ್ರತಿಯೊಂದು ಸಾಧನದ ವಿವರವನ್ನೂ ರಿಜಿಸ್ಟ್ರಿ ಎಂಬ ತನ್ನ ದಾಖಲೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಾಧನವನ್ನು ಕಿತ್ತರೂ ಆ ವಿವರ ಅಳಿಯುವುದಿಲ್ಲ. ಇದು ದೋಷವಲ್ಲ, ಉದ್ದೇಶಪೂರ್ವಕ ವ್ಯವಸ್ಥೆ. ಅದೇ ಸಾಧನವನ್ನು ಮತ್ತೊಮ್ಮೆ ಜೋಡಿಸಿದಾಗ ಚಾಲಕ ತಂತ್ರಾಂಶವನ್ನು ಹೊಸದಾಗಿ ಹುಡುಕುವ ಶ್ರಮವಿಲ್ಲದೆ, ಹಿಂದಿನ ಹೊಂದಾಣಿಕೆಗಳೊಂದಿಗೆ ಕೂಡಲೇ ಕೆಲಸ ಆರಂಭವಾಗಲಿ ಎಂಬುದು ಇದರ ಹಿಂದಿನ ಆಶಯ.

ತೊಡಕು ಹುಟ್ಟುವುದು ಗುರುತಿನ ವಿಷಯದಲ್ಲಿ. ಪ್ರತಿಯೊಂದು ಯುಎಸ್‌ಬಿ ಸಾಧನವೂ ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆಯನ್ನು ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ತಯಾರಕರ ಸಂಖ್ಯೆಯನ್ನು ನೀಡುವುದು ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಂ ಎಂಬ ಸಂಸ್ಥೆ. ಆದರೆ ಈ ಎರಡು ಸಂಖ್ಯೆಗಳಿಂದ ತಿಳಿಯುವುದು ಸಾಧನ ಯಾವ ಮಾದರಿಯದು ಎಂಬುದು ಮಾತ್ರ. ಆ ಮಾದರಿಯ ಸಾವಿರಾರು ಸಾಧನಗಳಲ್ಲಿ ಇದು ಯಾವುದು ಎಂದು ತಿಳಿಯಬೇಕಾದರೆ ಪ್ರತ್ಯೇಕ ಕ್ರಮಸಂಖ್ಯೆ ಬೇಕು. ಬಹುತೇಕ ಪೆನ್‌ಡ್ರೈವ್‌ಗಳಿಗೆ ಅಂತಹ ಕ್ರಮಸಂಖ್ಯೆ ಇರುತ್ತದೆ; ಮೌಸ್, ಕೀಲಿಮಣೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಕ್ರಮಸಂಖ್ಯೆ ಇದ್ದರೆ ಸಾಧನವನ್ನು ಯಾವ ಕಿಂಡಿಗೆ ಚುಚ್ಚಿದರೂ ವಿಂಡೋಸ್ ಅದನ್ನು ಹಳೆಯ ಪರಿಚಿತನೆಂದೇ ಗುರುತಿಸುತ್ತದೆ. ಇಲ್ಲದಿದ್ದರೆ ಯಾವ ಕಿಂಡಿಗೆ ಚುಚ್ಚಲಾಗಿದೆಯೋ ಅದನ್ನೇ ಗುರುತಾಗಿ ಬಳಸಿಕೊಳ್ಳುತ್ತದೆ. ನಿನ್ನೆ ಎಡಗಡೆಯ ಕಿಂಡಿಯಲ್ಲಿದ್ದ ಮೌಸ್ ಇಂದು ಬಲಗಡೆಗೆ ಬಂದರೆ ವಿಂಡೋಸ್ ಪಾಲಿಗೆ ಅದು ಹೊಸ ಮೌಸ್. ಹಳೆಯ ನಮೂದು ಹಾಗೆಯೇ ಉಳಿದು, ಮತ್ತೊಂದು ನಮೂದು ಸೇರಿಕೊಳ್ಳುತ್ತದೆ.

ಮತದಾರರ ಪಟ್ಟಿಯಲ್ಲಿ ನಡೆಯುವುದೂ ಇದೇ. ಬಾಡಿಗೆದಾರರೊಬ್ಬರು ಮಲ್ಲೇಶ್ವರದ ಮನೆ ಬಿಟ್ಟು ವಿಜಯನಗರಕ್ಕೆ ಹೋದಾಗ, ಹಳೆಯ ವಿಳಾಸದ ಹೆಸರನ್ನು ತೆಗೆಸದೆ ಹೊಸ ವಿಳಾಸದಲ್ಲಿ ಹೆಸರು ಸೇರಿಸಿದರೆ ಒಬ್ಬನೇ ವ್ಯಕ್ತಿ ಎರಡು ಕಡೆ ಕಾಣುತ್ತಾನೆ. ವ್ಯಕ್ತಿ ಎರಡಾಗಿಲ್ಲ, ಪಟ್ಟಿ ಪರಿಷ್ಕರಣೆಯಾಗಿಲ್ಲ ಅಷ್ಟೆ.

ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬದಲಾಯಿಸಿದಾಗ, ವೈ-ಫೈ ಕಾರ್ಡ್ ಬದಲಾಯಿಸಿದಾಗ, ಅಥವಾ ಒಂದು ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕನ್ನು ವಿಂಡೋಸ್ ಸಮೇತ ಇನ್ನೊಂದಕ್ಕೆ ಅಳವಡಿಸಿದಾಗ ಇಂತಹ ನಮೂದುಗಳು ರಾಶಿಯಾಗಿ ಉಳಿಯುತ್ತವೆ. ಹಳೆಯ ಯಂತ್ರದ ಪ್ರತಿಯೊಂದು ಭಾಗದ ನೆನಪೂ ಹೊಸ ಯಂತ್ರದಲ್ಲಿ ಮುಂದುವರಿಯುತ್ತದೆ.

ಒಂದು ಡೇಟಾಕಾರ್ಡ್, ಹಲವು ಹೆಸರು

3ಜಿ ಕಾಲದಲ್ಲಿ ನಗರಗಳಲ್ಲಿ ಮನೆಮಾತಾಗಿದ್ದ ಯುಎಸ್‌ಬಿ ಡೇಟಾಕಾರ್ಡ್‌ಗಳು ಇದಕ್ಕೆ ಉತ್ತಮ ಉದಾಹರಣೆ. ಅಂತಹ ಅನೇಕ ಕಾರ್ಡ್‌ಗಳು ಚುಚ್ಚಿದ ಕೂಡಲೇ ತಮ್ಮನ್ನು ಸಿಡಿ ಡ್ರೈವ್ ಎಂದು ಪರಿಚಯಿಸಿಕೊಳ್ಳುತ್ತಿದ್ದವು. ತಮ್ಮೊಳಗಿದ್ದ ತಂತ್ರಾಂಶವನ್ನು ಅನುಸ್ಥಾಪಿಸಿದ ನಂತರ ವೇಷ ಬದಲಿಸಿ ಮೋಡೆಮ್ ಆಗುತ್ತಿದ್ದವು. ಜೊತೆಗೆ ಮೆಮೊರಿ ಕಾರ್ಡ್ ಓದುಗವಾಗಿಯೂ ಎರಡು ಮೂರು ಕಾಂ ಪೋರ್ಟ್‌ಗಳಾಗಿಯೂ ಕಾಣಿಸಿಕೊಳ್ಳುತ್ತಿದ್ದವು. ಒಂದೇ ಕಾರ್ಡ್‌ನಿಂದ ಹೀಗೆ ನಾಲ್ಕೈದು ನಮೂದುಗಳಾದರೆ, ಕಿಂಡಿ ಬದಲಿಸಿದಾಗ ಅಷ್ಟೇ ನಮೂದುಗಳು ಮತ್ತೊಮ್ಮೆ ಹುಟ್ಟಿಕೊಳ್ಳಬಹುದಿತ್ತು. ಕಾರ್ಡ್ ಮೂಲೆ ಸೇರಿ ವರ್ಷಗಳಾಗಿದ್ದರೂ, ಆಗಿನ ವಿಂಡೋಸ್ ಇಂದಿಗೂ ಉಳಿದಿರುವ ಲ್ಯಾಪ್‌ಟಾಪ್‌ಗಳಲ್ಲಿ ಅದರ ಗುರುತುಗಳು ಇನ್ನೂ ಇರುತ್ತವೆ.

ವೇಗ ಹೆಚ್ಚುವುದೆಂಬ ನಂಬಿಕೆ

ಹಳೆಯ ನಮೂದುಗಳನ್ನು ಅಳಿಸಿದರೆ ಲ್ಯಾಪ್‌ಟಾಪ್ ಚುರುಕಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರ ಮೂಲ ವಿಂಡೋಸ್ 95 ಮತ್ತು 98ರ ಕಾಲದಲ್ಲಿದೆ. ಆಗಿನ ಯಂತ್ರಗಳಲ್ಲಿ ಸಾಧನಗಳು ಪ್ರೊಸೆಸರ್‌ನ ಗಮನ ಸೆಳೆಯಲು ಬಳಸುವ ಐಆರ್‌ಕ್ಯೂ ದಾರಿಗಳು 16 ಮಾತ್ರ ಇದ್ದವು. ಒಂದೇ ದಾರಿಗಾಗಿ ಎರಡು ಸಾಧನಗಳು ಜಗಳಕ್ಕಿಳಿದರೆ ಎರಡೂ ಕೆಲಸ ಮಾಡುತ್ತಿರಲಿಲ್ಲ. ಸೇಫ್ ಮೋಡ್‌ನಲ್ಲಿ ಯಂತ್ರವನ್ನು ಆರಂಭಿಸಿ, ಅಲ್ಲಿ ಕಾಣುವ ಜೋಡಿ ನಮೂದುಗಳನ್ನು ತೆಗೆಯುವುದು ಆ ದಿನಗಳಲ್ಲಿ ಸರಿಯಾದ ಚಿಕಿತ್ಸೆಯೇ ಆಗಿತ್ತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮತ್ತು ನಂತರದ ಆವೃತ್ತಿಗಳಲ್ಲಿ ಪರಿಸ್ಥಿತಿ ಬೇರೆ. ಜೋಡಣೆಯಲ್ಲಿಲ್ಲದ ಸಾಧನಕ್ಕೆ ವ್ಯವಸ್ಥೆಯು ಯಾವ ದಾರಿಯನ್ನೂ ಮೀಸಲಿಡುವುದಿಲ್ಲ. ಉಳಿಯುವುದು ದಾಖಲೆ ಪುಸ್ತಕದ ಕೆಲವು ಸಾಲುಗಳು ಮಾತ್ರ. ಅಂತಹ ಐವತ್ತು ನಮೂದುಗಳನ್ನು ಅಳಿಸಿದರೂ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಆಗದು. ಹಳೆಯ ಲ್ಯಾಪ್‌ಟಾಪ್ ನಿಧಾನವಾಗಿದ್ದರೆ ಕಾರಣವನ್ನು ತುಂಬಿದ ಡಿಸ್ಕ್, ಕಡಿಮೆ ರ‍್ಯಾಮ್, ಧೂಳು ಹಿಡಿದ ಫ್ಯಾನ್‌ಗಳಲ್ಲಿ ಹುಡುಕುವುದು ಮೇಲು.

ಇದಕ್ಕೊಂದು ಅಪವಾದವೂ ಇತ್ತು. ವಿಂಡೋಸ್ 7ರ ದೋಷವೊಂದರಿಂದ ಕೆಲವು ಯಂತ್ರಗಳಲ್ಲಿ ಪ್ರತಿ ಬಾರಿ ಮರುಆರಂಭವಾದಾಗ 'ಮೈಕ್ರೋಸಾಫ್ಟ್ 6ಟು4 ಅಡಾಪ್ಟರ್' ಎಂಬ ಹೊಸ ನಮೂದು ಸೃಷ್ಟಿಯಾಗುತ್ತಿತ್ತು. ಕಾಲಾಂತರದಲ್ಲಿ ಅವು ನೂರಾರಾಗಿ ಯಂತ್ರದ ಆರಂಭವೇ ತಡವಾಗುತ್ತಿತ್ತು. ಇದಕ್ಕೆ ಮೈಕ್ರೋಸಾಫ್ಟ್ ತಿದ್ದುಪಡಿಯನ್ನು ಬಿಡುಗಡೆ ಮಾಡಿತು.

ನಿಜವಾಗಿ ತೊಂದರೆ ಕೊಡುವ ಸಂದರ್ಭಗಳು

ಹಾಗಾದರೆ ಅಳಿಸಬೇಕಾದದ್ದು ಯಾವಾಗ? ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ.

ಮೊದಲನೆಯದು ನೆಟ್‌ವರ್ಕ್ ಕಾರ್ಡ್. ಕಚೇರಿಗಳಲ್ಲಿ ಲ್ಯಾಪ್‌ಟಾಪಿಗೆ ಸ್ಥಿರ ಐಪಿ ವಿಳಾಸ ನೀಡಿರುವುದುಂಟು. ಕಾರ್ಡ್ ಬದಲಾದ ಮೇಲೆ ಅದೇ ವಿಳಾಸವನ್ನು ಹೊಸ ಕಾರ್ಡ್‌ಗೆ ಕೊಡಲು ಹೋದರೆ, ಈ ವಿಳಾಸವನ್ನು ಈಗಾಗಲೇ ಮತ್ತೊಂದು ಅಡಾಪ್ಟರ್‌ಗೆ ನೀಡಲಾಗಿದೆ ಎಂದು ವಿಂಡೋಸ್ ತಕರಾರು ತೆಗೆಯುತ್ತದೆ. ಆ ಮತ್ತೊಂದು ಅಡಾಪ್ಟರ್ ಸಂಪರ್ಕಗಳ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಕಿತ್ತುಹಾಕಿದ ಹಳೆಯ ಕಾರ್ಡ್‌ನ ನಮೂದೇ ವಿಳಾಸವನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಅಳಿಸಿದರೆ ವಿಳಾಸ ಬಿಡುಗಡೆಯಾಗುತ್ತದೆ.

ಎರಡನೆಯದು ಕಾಂ ಪೋರ್ಟ್. ತೂಕದ ಯಂತ್ರ, ಪ್ರಯೋಗಾಲಯದ ಉಪಕರಣ, ಬಿಲ್ ಯಂತ್ರಗಳನ್ನು ಯುಎಸ್‌ಬಿ-ಸೀರಿಯಲ್ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸುವವರಿಗೆ ಈ ತೊಂದರೆ ಪರಿಚಿತ. ಪ್ರತಿ ಹೊಸ ಕೇಬಲ್‌ಗೂ, ಕಿಂಡಿ ಬದಲಾವಣೆಗೂ ವಿಂಡೋಸ್ ಹೊಸ ಸಂಖ್ಯೆ ನೀಡಬಹುದು. ಹಳೆಯ ಸಂಖ್ಯೆ 'ಬಳಕೆಯಲ್ಲಿದೆ' ಎಂದೇ ದಾಖಲಾಗಿರುತ್ತದೆ. ವಿಂಡೋಸ್ 256ರ ತನಕ ಸಂಖ್ಯೆ ನೀಡಬಲ್ಲದು. ಆದರೆ 9ರ ನಂತರದ ಪೋರ್ಟ್‌ಗಳನ್ನು ತಂತ್ರಾಂಶಗಳು ಬೇರೊಂದು ರೀತಿಯಲ್ಲಿ ಕರೆಯಬೇಕಾಗುತ್ತದೆ. ಹಳೆಯ ತಂತ್ರಾಂಶಗಳಲ್ಲಿ ಕೆಲವಕ್ಕೆ ಆ ರೀತಿ ತಿಳಿಯದ ಕಾರಣ ಉಪಕರಣ ಸರಿಯಿದ್ದರೂ ಕೆಲಸ ನಿಲ್ಲುತ್ತದೆ.

ಮೂರನೆಯದು ಆರಂಭದಲ್ಲಿ ಹೇಳಿದ ಪ್ರಿಂಟರ್. ಕಿಂಡಿ ಬದಲಾದಾಗ ಹುಟ್ಟಿದ 'ಕಾಪಿ 1' ನಿಜವಾದದ್ದಾಗಿ, ಹಳೆಯ ಹೆಸರು ಸಂಪರ್ಕವಿಲ್ಲದ್ದಾಗಿರುತ್ತದೆ. ಮೊದಲು ಹಳೆಯ ಕಿಂಡಿಗೇ ತಂತಿಯನ್ನು ಚುಚ್ಚಿ ನೋಡುವುದು ಅತಿ ಸುಲಭ ಪರಿಹಾರ. ಅದು ಸಾಧ್ಯವಾಗದಿದ್ದರೆ, ಪ್ರಿಂಟರ್‌ಗಳ ಕಿಟಕಿಯಲ್ಲಿ ಕೆಲಸ ಮಾಡುವ ಹೆಸರನ್ನು ಡೀಫಾಲ್ಟ್ ಎಂದು ಗುರುತಿಸಿ, ಇನ್ನೊಂದರ ಸರದಿಯನ್ನು ಖಾಲಿ ಮಾಡಿ ತೆಗೆಯಬೇಕು.

ಎರಡಾಗಿ ಕಂಡದ್ದೆಲ್ಲ ನಕಲಲ್ಲ

ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿರುವ ಮನೆಯ ಪಡಿತರ ಚೀಟಿಯಲ್ಲಿ ಒಂದೇ ಹೆಸರು ಎರಡು ಬಾರಿ ಇರುತ್ತದೆ. ಅದನ್ನು ನಕಲೆಂದು ಹೊಡೆದುಹಾಕಿದರೆ ಒಬ್ಬರ ಪಾಲಿನ ಅಕ್ಕಿ ಹೋಗುತ್ತದೆ. ಡಿವೈಸ್ ಮ್ಯಾನೇಜರ್ ಪಟ್ಟಿಯಲ್ಲಿಯೂ ಇಂತಹ ಹೆಸರುಗಳು ಅನೇಕ.

ಪ್ರೊಸೆಸರ್ ವಿಭಾಗದಲ್ಲಿ ಒಂದೇ ಹೆಸರು ನಾಲ್ಕು ಅಥವಾ ಎಂಟು ಸಲ ಇದ್ದರೆ ಅದು ನಕಲಲ್ಲ. ಪ್ರೊಸೆಸರ್ ಎಷ್ಟು ಭಾಗಗಳಾಗಿ ಏಕಕಾಲಕ್ಕೆ ಕೆಲಸ ಮಾಡಬಲ್ಲದೋ ಅಷ್ಟು ನಮೂದುಗಳಿರುತ್ತವೆ. ಡಿಸ್‌ಪ್ಲೇ ವಿಭಾಗದಲ್ಲಿ ಇಂಟೆಲ್ ಮತ್ತು ಎನ್‌ವಿಡಿಯಾ ಎಂಬ ಎರಡು ಹೆಸರುಗಳಿದ್ದರೆ ಆ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿವೆ ಎಂದರ್ಥ. ಒಂದು ಬ್ಯಾಟರಿ ಉಳಿಸಲು, ಇನ್ನೊಂದು ಭಾರದ ಕೆಲಸಕ್ಕೆ. ಯುಎಸ್‌ಬಿ ರೂಟ್ ಹಬ್ ಹಲವು ಇರುವುದು ಸಹಜ. ಟಚ್‌ಪ್ಯಾಡ್ ಮತ್ತು ಹೊರಗಿನ ಮೌಸ್ ಎರಡೂ ಒಂದೇ ವಿಭಾಗದಲ್ಲಿ ಒಂದೇ ಬಗೆಯ ಹೆಸರಿನಲ್ಲಿ ಕಾಣಬಹುದು. 'ವ್ಯಾನ್ ಮಿನಿಪೋರ್ಟ್' ಎಂಬ ಹೆಸರಿನ ಸಾಲು ವಿಂಡೋಸ್‌ನದೇ ಸೃಷ್ಟಿ, ಅದನ್ನು ಮುಟ್ಟಬಾರದು.

ಅಳಿಸುವ ಮುನ್ನ

ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿಕೊಳ್ಳುವುದು ಮೊದಲ ಕೆಲಸ. ನಂತರ ಸಿಸ್ಟಂ ರಿಸ್ಟೋರ್ ಮೂಲಕ ಒಂದು ರಿಸ್ಟೋರ್ ಪಾಯಿಂಟ್ ಸೃಷ್ಟಿಸಬೇಕು. ವಿಂಡೋಸ್ 10ರ ಹಲವು ಯಂತ್ರಗಳಲ್ಲಿ ಈ ಸೌಲಭ್ಯ ನಿಷ್ಕ್ರಿಯವಾಗಿರುವುದರಿಂದ ಅದನ್ನು ಮೊದಲು ಸಕ್ರಿಯಗೊಳಿಸಬೇಕಾದೀತು. ಮೂರನೆಯದಾಗಿ, ನೆಟ್‌ವರ್ಕ್ ಕಾರ್ಡ್‌ನ ಚಾಲಕ ತಂತ್ರಾಂಶವನ್ನು ತಯಾರಕರ ಜಾಲತಾಣದಿಂದ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬೇಕು. ಹಳೆಯ ಮಾದರಿಗಳ ಚಾಲಕಗಳು ತಯಾರಕರ ತಾಣದಲ್ಲಿ ಸದಾಕಾಲ ಸಿಗುತ್ತವೆ ಎಂಬ ಭರವಸೆಯಿಲ್ಲ.

ನಿತ್ಯ ಬಳಸುವ ಸಾಧನಗಳನ್ನೆಲ್ಲ ಜೋಡಿಸಿ, ಪ್ರಿಂಟರ್‌ಗೆ ವಿದ್ಯುತ್ ಕೊಟ್ಟು, ಬ್ಲೂಟೂತ್ ಚಾಲನೆಯಲ್ಲಿಟ್ಟು ಕೆಲಸಕ್ಕೆ ಕೈಹಾಕುವುದು ಜಾಣತನ. ಜೋಡಣೆಯಲ್ಲಿರುವ ಸಾಧನಗಳು ಜೀವಂತವಾಗಿ ಕಾಣುವುದರಿಂದ ಬೇರ್ಪಡಿಸುವುದು ಸುಲಭವಾಗುತ್ತದೆ.

ಪಟ್ಟಿಯನ್ನು ನೋಡುವ ಬಗೆ

2012ರಲ್ಲಿ ಬಂದ ವಿಂಡೋಸ್ 8 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಇದು ಸರಳ. ಆಡಳಿತಾಧಿಕಾರವುಳ್ಳ ಖಾತೆಯಿಂದ ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಆಯ್ದುಕೊಂಡರೆ ಜೋಡಣೆಯಲ್ಲಿಲ್ಲದ ಸಾಧನಗಳು ಮಸುಕಾದ ಚಿತ್ರಗಳೊಂದಿಗೆ ಕಾಣುತ್ತವೆ.

ಎಕ್ಸ್‌ಪಿ, ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಅಷ್ಟರಿಂದಲೇ ಅವು ಕಾಣುವುದಿಲ್ಲ. ಕಮಾಂಡ್ ಪ್ರಾಂಪ್ಟ್ ಅನ್ನು ಆಡಳಿತಾಧಿಕಾರದೊಂದಿಗೆ ತೆರೆದು ಎರಡು ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು. ಮೊದಲ ಆಜ್ಞೆಯಲ್ಲಿ 'ಸೆಟ್' ಎಂಬ ಪದ ಬರೆದು, ಒಂದು ಜಾಗ ಬಿಟ್ಟು, ಮುಂದಿನದನ್ನೆಲ್ಲ ಜಾಗ ಬಿಡದೆ ಬರೆಯಬೇಕು: ಡಿ-ಇ-ವಿ-ಎಂ-ಜಿ-ಆರ್, ಅಡಿಗೆರೆ, ಶೋ, ಅಡಿಗೆರೆ, ನಾನ್‌ಪ್ರೆಸೆಂಟ್, ಅಡಿಗೆರೆ, ಡಿವೈಸಸ್, ಸಮ ಚಿಹ್ನೆ, 1. ಎಂಟರ್ ಒತ್ತಿದ ಮೇಲೆ ಅದೇ ಕಿಟಕಿಯಲ್ಲಿ ಎರಡನೆಯ ಆಜ್ಞೆ: 'ಸ್ಟಾರ್ಟ್' ಎಂಬ ಪದ, ಒಂದು ಜಾಗ, ನಂತರ ಡಿ-ಇ-ವಿ-ಎಂ-ಜಿ-ಎಂ-ಟಿ, ಚುಕ್ಕೆ, ಎಂ-ಎಸ್-ಸಿ. ಎರಡೂ ಆಜ್ಞೆಗಳು ಒಂದೇ ಕಿಟಕಿಯಲ್ಲಿ ಬರೆದವಾಗಿರಬೇಕು; ಇಲ್ಲದಿದ್ದರೆ ಮೊದಲನೆಯದರ ಪರಿಣಾಮ ಎರಡನೆಯದಕ್ಕೆ ತಲುಪುವುದಿಲ್ಲ. ಆಗ ತೆರೆಯುವ ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಮೆನುವಿನ ಅದೇ ಆಯ್ಕೆಯನ್ನು ಒತ್ತಬೇಕು.

ಮೊದಲ ಬಾರಿಗೆ ನೋಡುವವರಿಗೆ ಪಟ್ಟಿಯ ಉದ್ದ ಗಾಬರಿ ಹುಟ್ಟಿಸೀತು. ಹಿಂದೆಂದೋ ಗೆಳೆಯರು ತಂದಿದ್ದ ಪೆನ್‌ಡ್ರೈವ್, ಮಾರಿಹೋದ ಮೊಬೈಲ್, ಹಳೆಯ ಕಚೇರಿಯ ಪ್ರೊಜೆಕ್ಟರ್ ಎಲ್ಲವೂ ಅಲ್ಲಿರುತ್ತವೆ. ಇದರಲ್ಲಿ ಆತಂಕಪಡುವಂಥದ್ದೇನೂ ಇಲ್ಲ.

ಅಳಿಸುವ ಕ್ರಮ

ಚಿತ್ರ ಮಸುಕಾಗಿದೆ ಎಂಬುದೊಂದನ್ನೇ ನೆಚ್ಚಿಕೊಳ್ಳದೆ, ನಮೂದಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಬೇಕು. ಸ್ಥಿತಿಯ ಚೌಕದಲ್ಲಿ ಸಾಧನವು ಯಂತ್ರಕ್ಕೆ ಜೋಡಣೆಯಾಗಿಲ್ಲ ಎಂಬ ವಾಕ್ಯವೂ 'ಕೋಡ್ 45' ಎಂಬ ಸಂಖ್ಯೆಯೂ ಇದ್ದರೆ ಅದು ಹಳೆಯ ನೆನಪು ಮಾತ್ರ. ಈ ಕೋಡ್ ಜೋಡಣೆಯ ಸ್ಥಿತಿಯನ್ನು ಸೂಚಿಸುತ್ತದೆಯೇ ಹೊರತು ಅದನ್ನು ಪರಿಹರಿಸಬೇಕಾಗಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟಪಡಿಸಿದೆ. ಬದಲಿಗೆ ಕೋಡ್ 10, 28 ಅಥವಾ 43 ಇದ್ದರೆ ವಿಷಯ ಬೇರೆ. ಅಲ್ಲಿ ಸಾಧನ ನಿಜವಾಗಿಯೂ ಇದ್ದು ಕೆಲಸ ಮಾಡುತ್ತಿಲ್ಲ. ಅದಕ್ಕೆ ಬೇಕಾದದ್ದು ಚಿಕಿತ್ಸೆ, ಅಳಿಸುವಿಕೆಯಲ್ಲ.

ಅನುಮಾನ ಉಳಿದರೆ ಡೀಟೇಲ್ಸ್ ವಿಭಾಗದಲ್ಲಿ ಸಾಧನದ ಪೂರ್ಣ ಗುರುತನ್ನು ನೋಡಬಹುದು. ಎರಡು ಯುಎಸ್‌ಬಿ ನಮೂದುಗಳಲ್ಲಿ ತಯಾರಕರ ಹಾಗೂ ಉತ್ಪನ್ನದ ಸಂಖ್ಯೆಗಳು ಒಂದೇ ಆಗಿದ್ದು ಕೊನೆಯ ಭಾಗ ಮಾತ್ರ ಬೇರೆಯಾಗಿದ್ದರೆ ಅವು ಒಂದೇ ಮಾದರಿಯವು. ಕೊನೆಯ ಭಾಗದ ಎರಡನೆಯ ಅಕ್ಷರ '&' ಆಗಿದ್ದರೆ ಆ ಗುರುತು ಸಾಧನದ ಸ್ವಂತ ಕ್ರಮಸಂಖ್ಯೆಯಲ್ಲ, ವಿಂಡೋಸ್ ಕೊಟ್ಟದ್ದು. ಕಿಂಡಿ ಬದಲಾದ್ದರಿಂದ ಹುಟ್ಟಿದ ಜೋಡಿಯ ಲಕ್ಷಣ ಇದು.

ಖಚಿತವಾದ ಮೇಲೆ ಬಲ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್' ಆಯ್ದುಕೊಳ್ಳಬೇಕು. ಆಗ ಕಾಣುವ ಸಣ್ಣ ಕಿಟಕಿಯಲ್ಲಿ ಚಾಲಕ ತಂತ್ರಾಂಶವನ್ನೂ ತೆಗೆಯಬೇಕೇ ಎಂದು ಕೇಳುವ ಚೌಕವಿದ್ದರೆ ಅದಕ್ಕೆ ಗುರುತು ಹಾಕಬಾರದು. ಅದೇ ಚಾಲಕವನ್ನು ಜೋಡಿಯ ಇನ್ನೊಂದು, ಜೀವಂತ ನಮೂದೂ ಬಳಸುತ್ತಿರುವ ಸಾಧ್ಯತೆ ಹೆಚ್ಚು. ಒಂದೊಂದಾಗಿ ಅಳಿಸಿ, ಕೊನೆಗೆ ಯಂತ್ರವನ್ನು ಮರುಆರಂಭಿಸಿ ಪರೀಕ್ಷಿಸಬೇಕು. ಅಳಿಸಿದ ನಮೂದು ಮತ್ತೆ ಮೂಡಿದರೆ ಆ ಸಾಧನ ನಿಜಕ್ಕೂ ಇದೆ ಎಂದು ತಿಳಿದು ಅಲ್ಲಿಗೆ ಬಿಡಬೇಕು.

ಕಾಂ ಪೋರ್ಟ್ ವಿಷಯದಲ್ಲಿ ಇನ್ನೊಂದು ಹೆಜ್ಜೆಯಿದೆ. ಹಳೆಯ ನಮೂದುಗಳನ್ನು ತೆಗೆದ ಬಳಿಕ ಈಗಿನ ಪೋರ್ಟ್‌ನ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಲ್ಲಿಂದ ಅಡ್ವಾನ್ಸ್‌ಡ್ ಒತ್ತಿ ಬಿಡುಗಡೆಯಾದ ಸಣ್ಣ ಸಂಖ್ಯೆಯನ್ನು ಆರಿಸಿಕೊಳ್ಳಬೇಕು.

ಸಿಸ್ಟಂ ಡಿವೈಸಸ್, ಸ್ಟೋರೇಜ್ ಕಂಟ್ರೋಲರ್, ಹಾಗೂ ವಿಂಡೋಸ್ 7ರ ತನಕ ಕಾಣುತ್ತಿದ್ದ ನಾನ್ ಪ್ಲಗ್ ಅಂಡ್ ಪ್ಲೇ ಡ್ರೈವರ್ಸ್ ವಿಭಾಗಗಳಿಗೆ ಮನೆಬಳಕೆದಾರರು ಕೈಹಾಕದಿರುವುದೇ ಕ್ಷೇಮ. ಅಲ್ಲಿನ ತಪ್ಪು ಯಂತ್ರ ಆರಂಭವಾಗದಂತೆ ಮಾಡಬಲ್ಲದು.

ಆಜ್ಞೆಗಳನ್ನು ಬರೆದು ಕೆಲಸ ಮಾಡುವ ರೂಢಿಯುಳ್ಳವರಿಗೆ ವಿಂಡೋಸ್ ಒಳಗೇ 'ಪಿಎನ್‌ಪಿಯುಟಿಲ್' ಎಂಬ ಸಲಕರಣೆಯಿದೆ. 2020ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಈಚೆಗೆ ಅದು ಸಾಧನಗಳನ್ನು ಪಟ್ಟಿ ಮಾಡುವುದಷ್ಟೇ ಅಲ್ಲದೆ ತೆಗೆಯಲೂಬಲ್ಲದು.

ಶುದ್ಧೀಕರಣದ ಆಮಿಷ

ಒಂದೇ ಕ್ಲಿಕ್‌ನಲ್ಲಿ ರಿಜಿಸ್ಟ್ರಿಯನ್ನು ಶುದ್ಧಗೊಳಿಸುವುದಾಗಿ ಹೇಳುವ ತಂತ್ರಾಂಶಗಳು ಹೇರಳವಾಗಿವೆ. ಇಂತಹ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂಬುದು ಮೈಕ್ರೋಸಾಫ್ಟ್‌ನ ಘೋಷಿತ ನೀತಿ. ಯಾವ ನಮೂದು ಕಸ, ಯಾವುದು ಮುಂದಿನ ವಾರ ಬೇಕಾಗುವ ಸಾಧನದ್ದು ಎಂಬುದು ಅವುಗಳಿಗೆ ತಿಳಿಯದು. ಅದು ಬಲ್ಲವರು ಯಂತ್ರದ ಮಾಲೀಕರೊಬ್ಬರೇ.

ಅಳಿಸಬಾರದ ಸಂದರ್ಭವೂ ಇದೆ

ಈ ನಮೂದುಗಳಿಗೆ ಮತ್ತೊಂದು ಮುಖವಿದೆ. ಯಾವ ಪೆನ್‌ಡ್ರೈವ್ ಯಾವಾಗ ಜೋಡಣೆಯಾಗಿತ್ತು ಎಂಬುದನ್ನು ಸೈಬರ್ ಅಪರಾಧಗಳ ತನಿಖೆಯಲ್ಲಿ ತಜ್ಞರು ಕಂಡುಕೊಳ್ಳುವುದು ಬಹುಮಟ್ಟಿಗೆ ಇದೇ ದಾಖಲೆಗಳಿಂದ. ಆದ್ದರಿಂದ ಕಚೇರಿಗೆ ಸೇರಿದ ಲ್ಯಾಪ್‌ಟಾಪಿನಲ್ಲಿ ಅನುಮತಿಯಿಲ್ಲದೆ ಈ ಕೆಲಸ ಮಾಡಬಾರದು. ಮಾಹಿತಿ ಕಳವಿನ ದೂರು ಇರುವ ಯಂತ್ರದಲ್ಲಂತೂ ಇದು ಸಾಕ್ಷ್ಯನಾಶದ ಆರೋಪಕ್ಕೆ ದಾರಿಯಾದೀತು. ಹಾಗೆಯೇ, ಹಳೆಯ ಲ್ಯಾಪ್‌ಟಾಪನ್ನು ಮಾರುವವರು ನಮೂದುಗಳನ್ನು ತೆಗೆದ ಮಾತ್ರಕ್ಕೆ ಗುರುತುಗಳೆಲ್ಲ ಅಳಿದವೆಂದು ಭಾವಿಸಬಾರದು. ಸಾಧನಗಳ ಅನುಸ್ಥಾಪನೆಯ ವಿವರವನ್ನು ವಿಂಡೋಸ್ ಪ್ರತ್ಯೇಕ ಕಡತದಲ್ಲಿಯೂ ದಾಖಲಿಸುತ್ತದೆ. ಮಾರುವಾಗ ಡಿಸ್ಕನ್ನೇ ಪೂರ್ಣವಾಗಿ ಅಳಿಸಬೇಕು.

ಆಯುಷ್ಯದ ಪ್ರಶ್ನೆ

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಹಳೆಯ ಲ್ಯಾಪ್‌ಟಾಪನ್ನು ಬಿಡಬೇಕೇ ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ. ಆ ನಿರ್ಧಾರ ಭದ್ರತೆ, ಅಗತ್ಯ ಮತ್ತು ಹಣಕಾಸಿನ ಆಧಾರದ ಮೇಲೆ ಆಗಬೇಕಾದದ್ದು. ಪಟ್ಟಿಯಲ್ಲಿ ಒಂದು ಹೆಸರು ಎರಡು ಬಾರಿ ಕಂಡಿತೆಂಬ ಕಾರಣಕ್ಕೆ ಸುಸ್ಥಿತಿಯಲ್ಲಿರುವ ಯಂತ್ರ ಗುಜರಿ ಸೇರಬೇಕಿಲ್ಲ.

ತೊಂದರೆ ಕೊಡುವ ನಮೂದನ್ನು ಗುರುತಿಸಿ, ಅದೊಂದನ್ನು ಮಾತ್ರ ತೆಗೆದರೆ ಕೆಲಸ ಮುಗಿಯಿತು. ಉಳಿದವು ಯಾರಿಗೂ ಭಾರವಾಗದೆ ತಮ್ಮ ಪಾಡಿಗೆ ತಾವಿರುತ್ತವೆ.